ಲೆಕ್ಕದಜ್ಜನ ಪುಟ: ಅರವತ್ನಾಲ್ಕು ಎಲ್ಲಿ ಹೋಯಿತು?

ಮೊಮ್ಮಕ್ಕಳೇ, ಅವರ ಅಜ್ಜ-ಅಜ್ಜಿಯರೇ,

ಈ ವಾರದ ಪುಟವನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ತಪ್ಪು ಮಾಡಿದವನು ನಾನು. ಅಂಕ ಕಳೆದುಕೊಂಡವಳು ನನ್ನ ಮೊಮ್ಮಗಳು.

ಮೊಮ್ಮಗಳು ಹತ್ತನೇ ಕ್ಲಾಸು. ಮನೆಯಲ್ಲಿ ನಾವೆಲ್ಲ ಪುಟ್ಟಿ ಎಂದೇ ಕರೆಯುವುದು. ಜುಲೈ ತಿಂಗಳ ಒಂದು ಸಂಜೆ, ಹೊರಗೆ ಜಡಿಮಳೆ, ಒಳಗೆ ಅವಳ ಅಜ್ಜಿ ಹಪ್ಪಳ ಸುಡುತ್ತಿದ್ದಳು. ಪುಟ್ಟಿ ಪುಸ್ತಕ ಹಿಡಿದು ಬಂದು ಕೇಳಿದಳು:

"ಅಜ್ಜ, ನಾಳೆ ಟೆಸ್ಟಿದೆ. ಮೈಲುತುತ್ತದ ಅಣುತೂಕ ತೆಗೆಯೋದು ಹೇಗೆ ಅಂತ ಹೇಳಿಕೊಡ್ತೀರಾ?"

ಮೈಲುತುತ್ತ ನನಗೆ ಗೊತ್ತು. ಮಲೆನಾಡಿನವರಿಗೆ ಅದು ಗೊತ್ತಿಲ್ಲದೆ ಹೇಗೆ? ತೀರ್ಥಹಳ್ಳಿ ಕಡೆ ನಮ್ಮ ಭಾವನವರ ಅಡಿಕೆ ತೋಟವಿದೆ. ಮಳೆಗಾಲ ಬರುವ ಮುಂಚೆ ಅವರ ಮನೆಯ ಜಗಲಿಯಲ್ಲಿ ಸುಣ್ಣದ ಚೀಲದ ಪಕ್ಕ ನೀಲಿ ಹರಳಿನ ಚೀಲ ಬಂದು ಕೂರುತ್ತದೆ. ಆದರೆ ಅಣುತೂಕ? ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಾಮರ್ಸ್ ಹಿಡಿದವನು. ಬಿ.ಕಾಂ. ಆದಮೇಲೆ ಬ್ಯಾಂಕು, ಲೆಡ್ಜರು, ವೋಚರು. ರಸಾಯನಶಾಸ್ತ್ರ ಬಿಟ್ಟು ಐವತ್ತೆಂಟು ವರ್ಷವಾಯಿತು.

"ಗೊತ್ತಿಲ್ಲ" ಎಂಬ ಮೂರಕ್ಷರ ಹೇಳಬಹುದಿತ್ತು. ಹೇಳಲಿಲ್ಲ. ಕನ್ನಡಕ ಹಾಕಿಕೊಂಡು ಪುಸ್ತಕ ಕೈಗೆ ತೆಗೆದುಕೊಂಡೆ. ಎರಡು ಪುಟ ಓದಿದೆ. ಓದಿದರೆ ಇದು ನಮ್ಮ ಬ್ಯಾಂಕಿನ ಕೌಂಟರಿನ ಲೆಕ್ಕವೇ!

ಹೇಗೆ ಎನ್ನುತ್ತೀರಾ? ದುಡ್ಡು ಕಟ್ಟುವ ಚಲನ್ ನೋಡಿದ್ದೀರಲ್ಲ. ಅದರಲ್ಲಿ ನೋಟುಗಳ ವಿವರ ಬರೆಯಬೇಕು. ಐನೂರರ ನೋಟು ಎಷ್ಟು, ನೂರರದ್ದು ಎಷ್ಟು, ಐವತ್ತರದ್ದು ಎಷ್ಟು. ಒಂದೊಂದರ ಬೆಲೆಯನ್ನು ಅದರ ಎಣಿಕೆಯಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿದರೆ ಒಟ್ಟು ಮೊತ್ತ. ಅಣುತೂಕವೂ ಹಾಗೆಯೇ. ಒಂದೊಂದು ಜಾತಿಯ ಪರಮಾಣುವಿಗೂ ಒಂದೊಂದು ತೂಕವಿದೆ. ಯಾವ ಪರಮಾಣು ಎಷ್ಟಿದೆ ಎಂದು ಎಣಿಸಿ, ಗುಣಿಸಿ, ಕೂಡಿಸಿದರೆ ಮುಗಿಯಿತು.

ಇಲ್ಲಿ ಬೇಕಾದ ತೂಕಗಳು ನಾಲ್ಕೇ. ಹೈಡ್ರೋಜನ್ 1, ಆಮ್ಲಜನಕ 16, ಗಂಧಕ 32, ತಾಮ್ರ 63.5. ಇವು ಗ್ರಾಮ್ ಅಲ್ಲ. ಒಂದು ಪರಮಾಣುವನ್ನು ಯಾವ ತಕ್ಕಡಿಯಲ್ಲಿ ಇಡುವುದು? ಒಂದಕ್ಕಿಂತ ಇನ್ನೊಂದು ಎಷ್ಟು ಪಟ್ಟು ಭಾರ ಎನ್ನುವ ಹೋಲಿಕೆ ಅಷ್ಟೆ. 1961ರಿಂದ ಇದಕ್ಕೆ ಜಗತ್ತೆಲ್ಲ ಒಪ್ಪಿದ ಅಳತೆಗೋಲು ಇಂಗಾಲ. ಇಂಗಾಲದ ಒಂದು ಬಗೆಯ ಪರಮಾಣುವಿನ ತೂಕ ಸರಿಯಾಗಿ 12 ಎಂದು ಇಟ್ಟುಕೊಂಡು ಉಳಿದವನ್ನೆಲ್ಲ ಅದರ ಜೊತೆ ತೂಗಿ ನೋಡುತ್ತಾರೆ.

ತಾಮ್ರಕ್ಕೆ ಮಾತ್ರ ಅರ್ಧ ಯಾಕೆ ಎಂದು ಪುಟ್ಟಿ ಕೇಳಿದ್ದಳು. ಅರ್ಧ ಪರಮಾಣು ಎಲ್ಲೂ ಇಲ್ಲ. ತಾಮ್ರದಲ್ಲಿ ಎರಡು ಬಗೆ. ಒಂದು 63ರ ತೂಕದ್ದು, ಅದು ಹೆಚ್ಚು. ಇನ್ನೊಂದು 65ರದ್ದು, ಅದು ಕಡಿಮೆ. ಎರಡೂ ಬೆರೆತಿರುವುದರಿಂದ ಸರಾಸರಿ 63.5ರ ಹತ್ತಿರ ಬರುತ್ತದೆ. ನಿಮ್ಮ ಕ್ಲಾಸಿನಲ್ಲಿ ಮಕ್ಕಳ ಸರಾಸರಿ ತೂಕ 41.5 ಕೆ.ಜಿ. ಎಂದರೆ ಅಷ್ಟೇ ತೂಗುವ ಮಗು ಕ್ಲಾಸಿನಲ್ಲಿ ಇರಲೇಬೇಕು ಎಂದಿಲ್ಲವಲ್ಲ, ಹಾಗೆ.

ಇಷ್ಟು ಸರಿಯಾಗಿಯೇ ಹೇಳಿಕೊಟ್ಟೆ. ಎಡವಿದ್ದು ಮುಂದೆ.

ಮೈಲುತುತ್ತದ ಸೂತ್ರವನ್ನು ಪುಟ್ಟಿ ಓದುವುದು ಹೀಗೆ: "ಸಿಯು ಎಸ್ ಓ ಫೋರ್, ಡಾಟ್, ಫೈವ್ ಎಚ್ ಟು ಓ." ಸಿಯು ಎಂದರೆ ತಾಮ್ರ, ಎಸ್ ಎಂದರೆ ಗಂಧಕ, ಓ ಎಂದರೆ ಆಮ್ಲಜನಕ, ಎಚ್ ಎಂದರೆ ಹೈಡ್ರೋಜನ್. ನಡುವಿನ ಚುಕ್ಕೆ ಗುಣಾಕಾರದ ಗುರುತಲ್ಲ, "ಇದರ ಜೊತೆಗೆ" ಎಂದು ಹೇಳುವ ಗುರುತು. ಅಷ್ಟು ನನಗೂ ತಿಳಿಯಿತು. ಆಮೇಲೆ ಬರುವ "ಫೈವ್ ಎಚ್ ಟು ಓ" ಎಂಬಲ್ಲಿ ಐದನ್ನು ಎರಡರಿಂದ ಗುಣಿಸಿ ಹತ್ತು ಹೈಡ್ರೋಜನ್ ಎಂದೆ. ಆಮ್ಲಜನಕದ ಕಾಲಡಿ ಅಂಕಿ ಇಲ್ಲ, ಹಾಗಾಗಿ ಒಂದೇ ಎಂದೆ. ಹತ್ತು ಮತ್ತು ಹದಿನಾರು, ಇಪ್ಪತ್ತಾರು. ಒಟ್ಟು 185.5 ಬಂತು. ಎರಡು ಸಲ ಕೂಡಿಸಿ, ಕೆಳಗೆ ಎರಡು ಗೆರೆ ಎಳೆದು, "ಹೋಗು, ಹೀಗೇ ಬರೆದು ಬಾ" ಎಂದು ಕಳಿಸಿದೆ.

ಕೂಡಿಸಿದ್ದರಲ್ಲಿ ಒಂದು ಪೈಸೆ ತಪ್ಪಿರಲಿಲ್ಲ. ಕೂಡಿಸಿದ ಬಾಬತ್ತೇ ತಪ್ಪಾಗಿತ್ತು.

ಆಮೇಲೆ ಒಂದು ತಿಂಗಳು ಪುಟ್ಟಿ ನನ್ನ ಹತ್ತಿರ ಲೆಕ್ಕ ಕೇಳಲು ಬರಲಿಲ್ಲ. ಹುಡುಗಿ ದೊಡ್ಡವಳಾದಳು, ತಾನೇ ಮಾಡಿಕೊಳ್ಳುತ್ತಾಳೆ ಎಂದುಕೊಂಡೆ. ಒಳಗೊಳಗೆ ಸ್ವಲ್ಪ ಖಾಲಿ ಅನ್ನಿಸಿದ್ದೂ ನಿಜ. ಅಜ್ಜ-ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಭಾನುವಾರ ರದ್ದಿಯವನಿಗೆ ಕೊಡಲು ಹಳೆಯ ಪೇಪರು ಕಟ್ಟುತ್ತಿದ್ದೆ. ಅಡಿಯಲ್ಲಿ ನಾಲ್ಕಾಗಿ ಮಡಿಸಿದ ಉತ್ತರಪತ್ರಿಕೆ ಸಿಕ್ಕಿತು. 185.5ಕ್ಕೆ ಕೆಂಪು ಶಾಯಿಯ ಸುತ್ತು. ಮೂರಕ್ಕೆ ಒಂದು ಅಂಕ. ಪಕ್ಕದಲ್ಲಿ ಟೀಚರ್ ಬರೆದದ್ದು ಒಂದೇ ಸಂಖ್ಯೆ: 249.5.

ಯಾವುದೂ ಹೇಳದೆ ಆ ಕಾಗದವನ್ನು ರದ್ದಿಯೊಳಗೇ ತಳ್ಳಿಬಿಟ್ಟಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆ ಯೋಚನೆ ಬಂದದ್ದೂ ಹೌದು. ಆದರೆ ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಕೂತವನಿಗೆ ತಾಳೆಯಾಗದ ಲೆಕ್ಕ ಬಿಟ್ಟು ಮಲಗಲು ಬರುವುದಿಲ್ಲ. ಊಟ ಮುಗಿಸಿ, ದೀಪದ ಕೆಳಗೆ ಕೂತೆ.

ಮಕ್ಕಳೇ, ಕಂಪ್ಯೂಟರ್ ಬರುವ ಮುಂಚೆ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಏನು ಮಾಡುತ್ತಿದ್ದೆವು ಗೊತ್ತೇ? ಎಲ್ಲ ವೋಚರನ್ನೂ ಮತ್ತೆ ಮೊದಲಿನಿಂದ ನೋಡುತ್ತಿರಲಿಲ್ಲ. ಮೊದಲು ವ್ಯತ್ಯಾಸ ಎಷ್ಟು ಎಂದು ತೆಗೆಯುತ್ತಿದ್ದೆವು. ಆ ವ್ಯತ್ಯಾಸವನ್ನೇ ಹಿಡಿದು ಮೂರು ಪ್ರಶ್ನೆ ಕೇಳುತ್ತಿದ್ದೆವು.

ಒಂದು: ಸರಿಯಾಗಿ ಇಷ್ಟೇ ಮೊತ್ತದ ವೋಚರ್ ಇದೆಯೇ? ಇದ್ದರೆ ಅದನ್ನು ಬರೆಯಲು ಮರೆತಿರಬಹುದು.

ಎರಡು: ವ್ಯತ್ಯಾಸದ ಅರ್ಧ ಮೊತ್ತದ ವೋಚರ್ ಇದೆಯೇ? ಇದ್ದರೆ ಅದನ್ನು ಜಮೆಯ ಬದಲು ಖರ್ಚಿಗೆ ಬರೆದಿರಬಹುದು.

ಮೂರು: ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ? ಆದರೆ ಎರಡು ಅಂಕಿ ಹಿಂದು ಮುಂದಾಗಿರಬಹುದು. 274 ಬರೆಯುವ ಕಡೆ 247 ಬರೆದರೆ ವ್ಯತ್ಯಾಸ 27. ಅದು ಒಂಬತ್ತು ಮೂರಲೆ.

ಈಗ ಪುಟ್ಟಿಯ ಪತ್ರಿಕೆಗೆ ಬನ್ನಿ. 249.5ರಲ್ಲಿ 185.5 ಕಳೆದರೆ 64.

ಮೂರನೆಯ ಪ್ರಶ್ನೆ ಮೊದಲು ಹೋಯಿತು. 64 ಒಂಬತ್ತರಿಂದ ಭಾಗವಾಗುವುದಿಲ್ಲ. ಎರಡನೆಯದು, 64ರ ಅರ್ಧ 32. ಅದು ಗಂಧಕ. ಆದರೆ ಈ ಲೆಕ್ಕದಲ್ಲಿ ಎಲ್ಲವೂ ಕೂಡುವುದೇ, ಕಳೆಯುವುದು ಇಲ್ಲವೇ ಇಲ್ಲ. ಗಂಧಕದ ಮೇಲೆ ಅನುಮಾನ ಪಡುವಂತಿಲ್ಲ. ಇನ್ನು ಮೊದಲನೆಯದು. 64ರ ಬಾಬತ್ತು ಇದೆಯೇ? ಇದೆ! ಗಂಧಕದ ಜೊತೆಗಿರುವ ನಾಲ್ಕು ಆಮ್ಲಜನಕ, ನಾಲ್ಕು ಹದಿನಾರಲೆ 64. ಸಿಕ್ಕಿತು ಎಂದು ಖುಷಿಯಾಯಿತು. ನೋಡಿದರೆ ಪುಟ್ಟಿ ಅದನ್ನು ಚೆನ್ನಾಗಿಯೇ ಬರೆದಿದ್ದಾಳೆ.

ಗಡಿಯಾರ ಹತ್ತೂವರೆ ದಾಟಿತು. "ಈ ವಯಸ್ಸಲ್ಲಿ ಯಾವ ಬ್ಯಾಂಕಿನ ಓವರ್‌ಟೈಮು ನಿಮ್ಮದು?" ಎಂದು ಅವಳಜ್ಜಿ ಒಳಗಿಂದ ಗದರಿದಳು.

ಆಗ ಹೊಳೆಯಿತು. 64 ಎಂದರೆ ನಾಲ್ಕು ಆಮ್ಲಜನಕ. ಎಲ್ಲೋ ನಾಲ್ಕು ಆಮ್ಲಜನಕ ಬಿಟ್ಟುಹೋಗಿದೆ. ನಾನು ನೀರಿನಲ್ಲಿ ಎಣಿಸಿದ್ದು ಒಂದು. ಒಂದರ ಬದಲು ಐದು ಇರಬೇಕಾಗಿದ್ದರೆ? ಐದರಲ್ಲಿ ಒಂದು ಕಳೆದರೆ ನಾಲ್ಕು!

ಸೂತ್ರವನ್ನು ಮತ್ತೆ ನೋಡಿದೆ. ಅಕ್ಷರದ ಕಾಲಡಿಯಲ್ಲಿ ಚಿಕ್ಕದಾಗಿ ಬರೆಯುವ ಅಂಕಿ ಆ ಒಂದು ಅಕ್ಷರಕ್ಕೆ ಮಾತ್ರ. ಮುಂದೆ ದೊಡ್ಡದಾಗಿ ನಿಂತ ಅಂಕಿ ಅದರ ಹಿಂದಿರುವ ಇಡೀ ಗುಂಪಿಗೆ. ಐದು ಲಕೋಟೆ ಇವೆ ಎಂದುಕೊಳ್ಳಿ. ಒಂದೊಂದರಲ್ಲೂ ಒಂದು ರೂಪಾಯಿಯ ಎರಡು ನಾಣ್ಯ, ಹದಿನಾರು ರೂಪಾಯಿಯ ಒಂದು ನೋಟು. (ಹದಿನಾರರ ನೋಟು ಯಾವ ಬ್ಯಾಂಕಿನಲ್ಲೂ ಸಿಗುವುದಿಲ್ಲ, ಲೆಕ್ಕಕ್ಕೆ ಇರಲಿ.) ನಾನು ಐದು ಲಕೋಟೆಯ ನಾಣ್ಯಗಳನ್ನೆಲ್ಲ ಎಣಿಸಿ, ನೋಟು ಮಾತ್ರ ಒಂದೇ ಲಕೋಟೆಯದ್ದು ತೆಗೆದುಕೊಂಡಿದ್ದೆ. ಕ್ಯಾಷಿಯರ್ ಹೀಗೆ ಮಾಡಿದ್ದರೆ ಆವತ್ತೇ ಮೆಮೊ ಸಿಗುತ್ತಿತ್ತು.

ಸರಿಯಾದ ಲೆಕ್ಕ ಇದು. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ:

ತಾಮ್ರ: 63.5 × 1 = 63.5
ಗಂಧಕ: 32 × 1 = 32
ಆಮ್ಲಜನಕ: 16 × 4 = 64
ಇಷ್ಟಕ್ಕೆ ಮೊತ್ತ: 159.5

ಒಂದು ನೀರು: 1 + 1 + 16 = 18
ಐದು ನೀರು: 18 × 5 = 90

ಒಟ್ಟು: 159.5 + 90 = 249.5

ಬೆಳಿಗ್ಗೆ ಪುಟ್ಟಿಯನ್ನು ಕರೆದು ಪತ್ರಿಕೆ ಮುಂದಿಟ್ಟೆ. ಅವಳ ಮುಖ ಸಣ್ಣದಾಯಿತು.

"ಯಾಕೆ ಹೇಳಲಿಲ್ಲ ಮಗಾ?"

"ನಿಮಗೆ ಬೇಜಾರಾಗತ್ತೆ ಅಂತ. ಕ್ಲಾಸಲ್ಲಿ ನಾನು, ನಮ್ಮಜ್ಜ ಬ್ಯಾಂಕಲ್ಲಿದ್ದವರು, ಅವರ ಲೆಕ್ಕ ತಪ್ಪಲ್ಲ ಮಿಸ್ ಅಂದುಬಿಟ್ಟೆ. ಎಲ್ಲರೂ ನಕ್ಕರು."

ನನಗೆ ಗಂಟಲು ಕಟ್ಟಿತು. ಹದಿನೈದರ ಹುಡುಗಿ ಇಡೀ ಕ್ಲಾಸಿನ ಎದುರು ನನ್ನ ಪರ ನಿಂತಿದ್ದಾಳೆ, ಅದೂ ತಪ್ಪು ಲೆಕ್ಕ ಹಿಡಿದುಕೊಂಡು. ಮನೆಗೆ ಬಂದು ಅದನ್ನು ಬಚ್ಚಿಟ್ಟದ್ದೂ ನನಗಾಗಿಯೇ.

"ಪುಟ್ಟಿ, ಆವತ್ತು ನನಗೆ ಇದು ಬರುತ್ತಿರಲಿಲ್ಲ. ಬರುತ್ತದೆ ಎಂದು ತೋರಿಸಿಕೊಂಡೆ. ತಪ್ಪು ನನ್ನದು" ಎಂದೆ. ಹೇಳಿದ ಮೇಲೆ ಅಷ್ಟೇನೂ ಕಷ್ಟವಾಗಲಿಲ್ಲ. 64ರ ಹುಡುಕಾಟ ಹೇಗಾಯಿತು ಎಂದು ವಿವರಿಸಿದಾಗ ಅವಳಿಗೆ ನಗು ಬಂತು. ಆಮೇಲೆ ಒಂದು ಒಳ್ಳೆಯ ಪ್ರಶ್ನೆ ಕೇಳಿದಳು.

"ಟೀಚರ್ ಬರೆದದ್ದೇ ಸರಿ ಅಂತ ಹೇಗೆ ಗೊತ್ತು ಅಜ್ಜ? ಪುಸ್ತಕದಲ್ಲಿದೆ ಅಂತಲೇ?"

ಇದಕ್ಕೆ ಉತ್ತರ ಅವಳ ವಿಜ್ಞಾನದ ಟೀಚರೇ ಕೊಟ್ಟರು. ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮಿಬ್ಬರನ್ನೂ ಪ್ರಯೋಗಾಲಯಕ್ಕೆ ಬರಹೇಳಿದರು. "ಬನ್ನಿ ಸರ್, ತಕ್ಕಡಿಯನ್ನೇ ಕೇಳೋಣ" ಎಂದರು.

ಪಿಂಗಾಣಿ ಬಟ್ಟಲೊಂದನ್ನು ತೂಗಿದರು, 42.0 ಗ್ರಾಮ್. ಅದಕ್ಕೆ ನೀಲಿ ಹರಳು ಪುಡಿ ಮಾಡಿ ಹಾಕಿದರು, ಈಗ 47.0. ಅಂದರೆ ಮೈಲುತುತ್ತ 5 ಗ್ರಾಮ್. ಕಾಯಿಸುವ ಮುಂಚೆ ನಾವು ಲೆಕ್ಕ ಹಾಕಿದೆವು. ನೀರೆಲ್ಲ ಆವಿಯಾಗಿ ಹೋದರೆ ಉಳಿಯುವುದೆಷ್ಟು? ನನ್ನ 185.5 ನಿಜವಾದರೆ ಅದರಲ್ಲಿ ನೀರು ಬರೀ 26, ಹಾಗಾಗಿ 4.3 ಗ್ರಾಮ್ ಉಳಿಯಬೇಕು. ಟೀಚರ್ ಹೇಳಿದ 249.5 ನಿಜವಾದರೆ ನೀರು 90, ಉಳಿಯುವುದು 3.2 ಗ್ರಾಮ್.

ಸಣ್ಣ ಉರಿಯಲ್ಲಿ ಕಾಯಿಸಿದರು. ಜೋರು ಉರಿ ಕೊಟ್ಟರೆ ಪುಡಿ ಕಪ್ಪಾಗಿ ಕೆಡುತ್ತದೆ, ಕೆಟ್ಟ ಹೊಗೆಯೂ ಬರುತ್ತದೆ ಎಂದರು. ನೋಡನೋಡುತ್ತ ನೀಲಿ ಬಣ್ಣ ಅಂಚಿನಿಂದ ಮಾಸುತ್ತ ಬಂತು. ಕೊನೆಗೆ ಇಡೀ ಪುಡಿ ಸುಣ್ಣದ ಹಾಗೆ ಬೆಳ್ಳಗಾಯಿತು. ತಣಿಸಿ ತೂಗಿದರೆ 45.3. ಬಟ್ಟಲು ಕಳೆದರೆ 3.3. ಇನ್ನೊಂದು ಸಲ ಕಾಯಿಸಿದರು, 3.2. ಮೂರನೆಯ ಸಲವೂ 3.2. ನೀರಿನ ಕೊನೆಯ ಪಾಲು ಸುಲಭಕ್ಕೆ ಬಿಡುವುದಿಲ್ಲವಂತೆ. ಅದಕ್ಕೆ ತೂಕ ಬದಲಾಗದೆ ನಿಲ್ಲುವವರೆಗೆ ಕಾಯಿಸಿ ತೂಗಬೇಕು. ನಾವು ಎಣಿಸಿದ ನೋಟಿನ ಕಟ್ಟನ್ನು ಮತ್ತೊಮ್ಮೆ ಎಣಿಸುವುದಿಲ್ಲವೇ, ಹಾಗೆ.

ನನ್ನ 4.3 ಎಲ್ಲೂ ಬರಲಿಲ್ಲ. ತಕ್ಕಡಿಗೆ ನಾನು ಬ್ಯಾಂಕಿನವನು ಎಂಬ ದಾಕ್ಷಿಣ್ಯವಿಲ್ಲ.

ಕೊನೆಗೆ ಟೀಚರ್ ಪುಟ್ಟಿಯ ಕೈಗೆ ಡ್ರಾಪರ್ ಕೊಟ್ಟು ಬಿಳಿ ಪುಡಿಗೆ ಎರಡು ಹನಿ ನೀರು ಹಾಕಿಸಿದರು. ಬಿದ್ದ ಜಾಗದಲ್ಲೇ ಮತ್ತೆ ನೀಲಿ! ಹೋದ ನೀರು ಮನೆಗೆ ವಾಪಸ್ ಬಂದಿತ್ತು. ಅವರು ಇನ್ನೊಂದು ಮಾತನ್ನೂ ಹೇಳಿದರು. ಮೈಲುತುತ್ತದಲ್ಲಿ ನಿಜವಾಗಿ ಬಿಡಿ ಬಿಡಿ ಅಣುಗಳಿಲ್ಲ, ಅಯಾನುಗಳು ಸಾಲಾಗಿ ಕಟ್ಟಿಕೊಂಡ ಹರಳು ಅದು, ಆದ್ದರಿಂದ "ಸೂತ್ರತೂಕ" ಎನ್ನುವುದೇ ಹೆಚ್ಚು ಸರಿ. ಲೆಕ್ಕ ಮಾಡುವ ರೀತಿ ಮಾತ್ರ ಒಂದೇ.

ಮಕ್ಕಳೇ, ಎಚ್ಚರ. ಮೈಲುತುತ್ತ ವಿಷ. ಚೆಂದದ ನೀಲಿ ಎಂದು ಮುಟ್ಟಿ ಬಾಯಿಗೆ ಕೈ ಇಡಬೇಡಿ. ಈ ಪ್ರಯೋಗ ಶಾಲೆಯಲ್ಲಿ, ಟೀಚರ್ ಎದುರಿಗೆ ಮಾತ್ರ. ಅಡುಗೆಮನೆಯಲ್ಲಿ ಬೇಡವೇ ಬೇಡ.

ಈ ಲೆಕ್ಕ ಪರೀಕ್ಷೆಗೆ ಮಾತ್ರವೇ? ಮನೆಗೆ ಬಂದು ಭಾವನವರಿಗೆ ಫೋನ್ ಮಾಡಿದೆ. "ಭಾವ, ನೀವು ತರುವ ಒಂದು ಕೆ.ಜಿ. ಮೈಲುತುತ್ತದಲ್ಲಿ 360 ಗ್ರಾಮ್ ಬರೀ ನೀರು, ಗೊತ್ತಾ?" 90ನ್ನು 249.5ರಿಂದ ಭಾಗಿಸಿ ನೋಡಿ, ನೂರಕ್ಕೆ 36 ಬರುತ್ತದೆ. ಭಾವನವರು, "ನಮ್ಮ ತೋಟಕ್ಕೆ ಬೀಳೋ ಮಳೆ ಸಾಲದು ಅಂತ ದುಡ್ಡು ಕೊಟ್ಟು ಬೇರೆ ನೀರು ತರ್ತಾ ಇದೀನಾ ನಾನು?" ಎಂದರು. ಇದು ಮೋಸವಲ್ಲ. ಆ ನೀರು ಹರಳಿನ ಕಟ್ಟಡದಲ್ಲೇ ಸೇರಿದೆ. ಮುಟ್ಟಿದರೆ ಒದ್ದೆಯಾಗುವುದಿಲ್ಲ. ರೋಗಕ್ಕೆ ಕೆಲಸ ಮಾಡುವ ತಾಮ್ರ ಕೆ.ಜಿ.ಗೆ ಸುಮಾರು 254 ಗ್ರಾಮ್, ಅಂದರೆ ಕಾಲು ಕೆ.ಜಿ.

ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ನೂರಕ್ಕೆ ಒಂದರ ದ್ರಾವಣ ಎಂದರೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ತಿರುವಬೇಕು. ಕಬ್ಬಿಣದ ಪಾತ್ರೆ ಕೂಡದು, ತಾಮ್ರ ಅದಕ್ಕೆ ಅಂಟಿಕೊಳ್ಳುತ್ತದೆ. ದ್ರಾವಣ ಹದಕ್ಕೆ ಬಂತೇ ಎಂದು ನೋಡುವುದೂ ಹಾಗೆಯೇ. ಚಾಕುವಿನ ಅಲಗನ್ನು ಅದ್ದಿ ಎತ್ತಿದಾಗ ಕೆಂಪಗೆ ತಾಮ್ರ ಹತ್ತಿದರೆ ಇನ್ನೂ ಸುಣ್ಣ ಬೇಕು ಎಂದು ಅರ್ಥ.

ಇದರ ಕಥೆ ಫ್ರಾನ್ಸಿನ ಬೋರ್ಡೋ ಸೀಮೆಯದು. ಅಲ್ಲಿಯ ರೈತರು ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. 1882ರಲ್ಲಿ ಮಿಯಾರ್ಡೆ ಎಂಬ ಸಸ್ಯವಿಜ್ಞಾನಿ ಆ ಬಳ್ಳಿಗಳಿಗೆ ಮಾತ್ರ ರೋಗ ತಗುಲದಿದ್ದುದನ್ನು ಗಮನಿಸಿದರು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ನಮ್ಮ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ದ್ರಾವಣವನ್ನು ಇಲ್ಲಿ ಬಳಕೆಗೆ ತಂದವರು ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಕಳ್ಳರಿಗೆ ಹೆದರಿ ಎರಚಿದ ನೀಲಿ ನೀರು ಮಲೆನಾಡಿನ ಎಷ್ಟೋ ಮನೆಗಳ ಫಸಲು ಉಳಿಸಿತು.

ಇನ್ನು ಪುಟ್ಟಿಯ ಪತ್ರಿಕೆಯ ಸಂಗತಿ. ಬ್ಯಾಂಕಿನಲ್ಲಿ ತಪ್ಪು ಬರೆದರೆ ಉಜ್ಜಿ ಅಳಿಸುವಂತಿರಲಿಲ್ಲ. ತಪ್ಪು ಓದಲು ಬರುವ ಹಾಗೆ ಒಂದೇ ಗೆರೆ ಹೊಡೆದು, ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ತಿದ್ದಿದವನು ಯಾರು ಎಂದು ಮುಂದೆ ನೋಡುವವರಿಗೆ ತಿಳಿಯಬೇಕಲ್ಲ. ನಾನೂ 185.5ಕ್ಕೆ ಒಂದು ಗೆರೆ ಹೊಡೆದು, 249.5 ಬರೆದು, ನನ್ನ ಹಳೆಯ ಬ್ಯಾಂಕಿನ ಸಹಿ ಹಾಕಿ ಅವಳಿಗೆ ಕೊಟ್ಟೆ. ಅಂಕ ಬದಲಾಗಲಿಲ್ಲ, ಬದಲಾಗಲೂ ಬಾರದು. ಆ ಕಾಗದವನ್ನು ಅವಳು ರದ್ದಿಗೆ ಹಾಕದೆ ಪುಸ್ತಕದೊಳಗೆ ಇಟ್ಟುಕೊಂಡಿದ್ದಾಳೆ.

ಮೊನ್ನೆ ಮತ್ತೆ ಬಂದಳು. "ಅಜ್ಜ, ಬೆಳಕಿನ ಪಾಠದಲ್ಲಿ ದರ್ಪಣದ ಲೆಕ್ಕ ಒಂದಿದೆ."

"ಗೊತ್ತಿಲ್ಲ" ಎಂದೆ.

"ಹಾಗಾದ್ರೆ ಸ್ವಲ್ಪ ಜರುಗಿ, ಇಬ್ಬರೂ ನೋಡೋಣ" ಎಂದು ಪಕ್ಕದಲ್ಲಿ ಕೂತಳು.

ಹೋದ ವಾರದ ಲೆಕ್ಕಕ್ಕೆ ಉತ್ತರ: ಹತ್ತು ಮತ್ತು ಇಪ್ಪತ್ತು ರೂಪಾಯಿಯ ನೋಟುಗಳು ಸೇರಿ 15, ಒಟ್ಟು 220 ರೂಪಾಯಿ. ಇಪ್ಪತ್ತರ ನೋಟು 7, ಹತ್ತರ ನೋಟು 8.

ಈ ವಾರದ ಲೆಕ್ಕ: ಬಟ್ಟೆ ಒಗೆಯುವ ವಾಷಿಂಗ್ ಸೋಡಾದ ಹರಳಿನಲ್ಲಿ 2 ಸೋಡಿಯಂ, 1 ಇಂಗಾಲ, 3 ಆಮ್ಲಜನಕ, ಅದರ ಜೊತೆಗೆ 10 ನೀರು. ಸೋಡಿಯಂ 23, ಇಂಗಾಲ 12. ಸೂತ್ರತೂಕ ಎಷ್ಟು? 100 ಗ್ರಾಮ್ ಹರಳಿನಲ್ಲಿ ನೀರು ಎಷ್ಟು ಗ್ರಾಮ್? ಮುಂದೆ ನಿಂತ ಹತ್ತು ಯಾರಿಗೆಲ್ಲ ಸೇರುತ್ತದೆ ಎಂಬುದನ್ನು ಮರೆಯಬೇಡಿ. ಅಜ್ಜನೋ ಅಜ್ಜಿಯೋ ಜೊತೆಗೆ ಕೂತು ಮಾಡಲಿ. ಅವರಿಗೆ ಬರದಿದ್ದರೆ ಇನ್ನೂ ಒಳ್ಳೆಯದು.

— ನಿಮ್ಮ ಲೆಕ್ಕದಜ್ಜ